ಪುಡಿಯಾ, ಜ್ಯೂಸಾ? ಕಾಸರಗೋಡಿನ ಸೆಕೆಗೆ ಓಆರ್‌ಎಸ್ ಪೊಟ್ಟಣ

ಏಪ್ರಿಲ್ ತಿಂಗಳಲ್ಲಿ ಕುಂಬಳೆ, ಬದಿಯಡ್ಕ, ಮುಳ್ಳೇರಿಯ, ಎಲ್ಲಿಯ ಮೆಡಿಕಲಿಗಾದರೂ ಹೋಗಿ “ಓಆರ್‌ಎಸ್ ಉಂಟಾ?” ಎಂದು ಕೇಳಿ. ಕೌಂಟರಿನ ಆಚೆಯಿಂದ ಮರುಪ್ರಶ್ನೆ ಬರುತ್ತದೆ: “ಪುಡಿಯಾ, ಜ್ಯೂಸಾ?” ವಾಂತಿಭೇದಿಯಲ್ಲಿ, ಬೆವರಿನಲ್ಲಿ ಕಳಕೊಂಡ ನೀರು, ಉಪ್ಪನ್ನು ತುಂಬಿಕೊಳ್ಳಲು ಕುಡಿಯುವ ಉಪ್ಪು-ಸಕ್ಕರೆಯ ಮದ್ದು ಓಆರ್‌ಎಸ್. ಹೆಚ್ಚಿನವರ ಕೈ ಜ್ಯೂಸಿನ ಕಡೆಗೇ ಹೋಗುತ್ತದೆ. ಸ್ಟ್ರಾ ಚುಚ್ಚಿದರೆ ಆಯಿತು, ಕಲಸುವ ರಗಳೆ ಇಲ್ಲ, ಮಕ್ಕಳೂ ಹಟ ಮಾಡದೆ ಕುಡಿಯುತ್ತಾರೆ. ಇಲ್ಲಿಯ ತೀರ್ಪು ಮಾತ್ರ ಪುಡಿಯ ಪರ, ಅದನ್ನು ಮೊದಲೇ ಹೇಳಿಬಿಡೋಣ. ಒಂದು ಲೀಟರ್ ನೀರಿಗೆ ಕಲಸುವ 21 ಗ್ರಾಮಿನ ಆಸುಪಾಸಿನ ಪೊಟ್ಟಣ, ವಿಶ್ವ ಆರೋಗ್ಯ ಸಂಸ್ಥೆಯ (ಡಬ್ಲ್ಯುಎಚ್‌ಒ) ಸೂತ್ರದ್ದು. ಕಪಾಟಿನಲ್ಲಿರುವ ಉಳಿದೆಲ್ಲ ಅದರ ನಂತರ. ಯಾಕೆಂದು ನಾಲಗೆಯನ್ನು ಕೇಳಿ ಪ್ರಯೋಜನವಿಲ್ಲ, ಕಿಡ್ನಿಯನ್ನು ಕೇಳಬೇಕು.

ಪೊಟ್ಟಣದ ಹಿಂಭಾಗ ತಿರುಗಿಸಿ. ಸೋಡಿಯಂ ಕ್ಲೋರೈಡ್ 2.6 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಟ್ರೈಸೋಡಿಯಂ ಸಿಟ್ರೇಟ್ 2.9 ಗ್ರಾಂ, ಗ್ಲುಕೋಸ್ 13.5 ಗ್ರಾಂ, ಒಟ್ಟು 20.5 ಗ್ರಾಂ. ಕಿತ್ತಳೆಯ ಪರಿಮಳ, ಬಣ್ಣ ಸೇರಿ ತೂಕ ಸ್ವಲ್ಪ ಮೇಲೆ ಹೋಗುತ್ತದೆ. ಇದನ್ನು ಒಂದು ಲೀಟರಿನಲ್ಲಿ ಕರಗಿಸಿದರೆ ಸೋಡಿಯಂ 75 ಮಿಲಿಮೋಲ್ (ತೂಕದ ಬದಲು ಕಣಗಳನ್ನು ಎಣಿಸುವ ಅಳತೆ), ಗ್ಲುಕೋಸ್ ಕೂಡ 75, ಪೊಟ್ಯಾಸಿಯಂ 20, ಒಟ್ಟು ಸಾಂದ್ರತೆ, ಎಂದರೆ ಕರಗಿದ ಎಲ್ಲ ಕಣಗಳ ಎಣಿಕೆ, 245 ಮಿಲಿಆಸ್ಮೋಲ್. ಈ 245 ಎಂಬ ಅಂಕಿಯೇ ಪೊಟ್ಟಣದ ಜೀವ. ರಕ್ತದ ಸಾಂದ್ರತೆ 275ರಿಂದ 295. ಕುಡಿದ ದ್ರವ ಅದಕ್ಕಿಂತ ತುಸು ತೆಳ್ಳಗಿದ್ದರೆ ಕರುಳಿನಿಂದ ರಕ್ತದ ಕಡೆಗೆ ನೀರು ಸಲೀಸಾಗಿ ಹರಿಯುತ್ತದೆ. 2002ರ ಮುಂಚಿನ ಸೂತ್ರದಲ್ಲಿ ಈ ಅಂಕಿ 311 ಇತ್ತು, ಸೋಡಿಯಂ 90. ಅದನ್ನು ತಗ್ಗಿಸಿದ ಮೇಲೆ ಮಕ್ಕಳಲ್ಲಿ ಭೇದಿಯ ಪ್ರಮಾಣವೂ ವಾಂತಿಯೂ ಕಡಿಮೆಯಾದವು, ಡ್ರಿಪ್ ಹಾಕಬೇಕಾದ ಸಂದರ್ಭಗಳೂ ಇಳಿದವು.

ಗ್ಲುಕೋಸನ್ನು ಶಕ್ತಿಗಾಗಿ ಹಾಕಿದ್ದಾರೆ ಎಂದುಕೊಳ್ಳುವವರೇ ಹೆಚ್ಚು. ಹಾಗಲ್ಲ. ಸಣ್ಣ ಕರುಳಿನ ಒಳಗೋಡೆಯಲ್ಲಿ ಸೋಡಿಯಮ್ಮನ್ನೂ ಗ್ಲುಕೋಸನ್ನೂ ಜತೆಯಾಗಿ ಮಾತ್ರ ಒಳಬಿಡುವ ಒಂದು ಬಾಗಿಲು ಇದೆ, ಎಸ್‌ಜಿಎಲ್‌ಟಿ-1 ಎಂದು ಅದರ ಹೆಸರು. ಭೇದಿಯಲ್ಲಿ ಕರುಳಿನ ಬೇರೆ ದಾರಿಗಳು ಕೆಟ್ಟರೂ ಈ ಬಾಗಿಲು ಬಹುಮಟ್ಟಿಗೆ ಕೆಲಸ ಮಾಡುತ್ತಿರುತ್ತದೆ. ಸಕ್ಕರೆಯ ಬೆನ್ನಿಗೆ ಉಪ್ಪು, ಉಪ್ಪಿನ ಬೆನ್ನಿಗೆ ನೀರು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಡ್ರಿಪ್ ಬಾಟಲಿಗಳು ಮುಗಿದಾಗ ಡಾ. ದಿಲೀಪ್ ಮಹಲನಾಬಿಸ್ ನೆಚ್ಚಿಕೊಂಡದ್ದು ಇದೇ ಬಾಗಿಲನ್ನು. ಕಾಲರಾ ಪೀಡಿತರಲ್ಲಿ ನೂರಕ್ಕೆ ಮೂವತ್ತರ ಹತ್ತಿರವಿದ್ದ ಸಾವಿನ ಪ್ರಮಾಣ ಅಲ್ಲಿ ನಾಲ್ಕಕ್ಕಿಂತ ಕೆಳಗೆ ಬಂತು. ಅವರಿಗೆ ಪದ್ಮವಿಭೂಷಣ ಬಂದದ್ದು 2023ರಲ್ಲಿ, ತೀರಿಕೊಂಡ ಮೇಲೆ.

ಕರುಳು ದಾಟಿದ ನೀರು ಮೈಯಲ್ಲಿ ನಿಲ್ಲುತ್ತದೋ ಹೊರಗೆ ಹೋಗುತ್ತದೋ ಎಂದು ತೀರ್ಮಾನಿಸುವುದು ಕಿಡ್ನಿ. ಎರಡು ಕಿಡ್ನಿಗಳು ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ. ಅದರಲ್ಲಿ ಹೆಚ್ಚುಕಡಿಮೆ ಒಂದೂವರೆ ಕಿಲೋ ಉಪ್ಪು ಇರುತ್ತದೆ. ಸೋಸಿದ್ದರಲ್ಲಿ ಶೇಕಡ 99ನ್ನು ಮತ್ತೆ ಒಳಗೆ ಎಳೆದುಕೊಂಡು, ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಬಿಡುತ್ತವೆ. ಎಳೆದುಕೊಳ್ಳುವುದರಲ್ಲಿ ಮೂರನೇ ಎರಡು ಪಾಲು ಕಿಡ್ನಿಯ ಸೂಕ್ಷ್ಮ ನಳಿಕೆಯ ಮೊದಲ ತುಂಡಿನಲ್ಲೇ ಆಗಿಹೋಗುತ್ತದೆ. ಅಲ್ಲಿ ದೊಡ್ಡ ಚೌಕಾಶಿ ಇಲ್ಲ, ಉಪ್ಪು ನೀರು ಒಟ್ಟೊಟ್ಟಿಗೆ. ಚೌಕಾಶಿ ಶುರುವಾಗುವುದು ಕೊನೆಯ ಭಾಗದಲ್ಲಿ. ಅಲ್ಲಿ ಎರಡು ಬೇರೆಬೇರೆ ಲೆಕ್ಕಪುಸ್ತಕಗಳಿವೆ.

ಒಂದು ನೀರಿನ ಲೆಕ್ಕ. ಮಿದುಳಿನ ಹೈಪೊಥಲಾಮಸ್‌ನಲ್ಲಿರುವ ಕೋಶಗಳು ರಕ್ತದ ಸಾಂದ್ರತೆ ಶೇಕಡ ಒಂದೆರಡು ಏರಿದರೂ ಗುರುತು ಹಿಡಿಯುತ್ತವೆ. ಬಾಯಾರಿಕೆ ಏಳುತ್ತದೆ, ಜತೆಗೆ ವ್ಯಾಸೋಪ್ರೆಸಿನ್ ಎಂಬ ಹಾರ್ಮೋನು ಹೊರಡುತ್ತದೆ. ಕಿಡ್ನಿಯ ಕೊನೆಯ ನಾಳದಲ್ಲಿ ಅಕ್ವಾಪೋರಿನ್ ಎಂಬ ನೀರಿನ ಕಿಂಡಿಗಳು ತೆರೆದುಕೊಂಡು ನೀರು ಒಳಕ್ಕೆ ಬರುತ್ತದೆ, ಮೂತ್ರ ಗಾಢ ಹಳದಿಯಾಗುತ್ತದೆ. ನೀರು ಹೆಚ್ಚಾದರೆ ಕಿಂಡಿ ಮುಚ್ಚುತ್ತದೆ, ಮೂತ್ರ ಬಾವಿನೀರಿನ ಹಾಗೆ ತಿಳಿಯಾಗುತ್ತದೆ. ಆರೋಗ್ಯವಂತ ಕಿಡ್ನಿ ಮೂತ್ರವನ್ನು 50 ಮಿಲಿಆಸ್ಮೋಲಿನಷ್ಟು ತೆಳ್ಳಗೂ ಮಾಡಬಲ್ಲದು, 1200ರಷ್ಟು ದಪ್ಪಗೂ ಮಾಡಬಲ್ಲದು. ಇದೆಲ್ಲ ನಿಮಿಷಗಳ ವ್ಯವಹಾರ.

ಇನ್ನೊಂದು ಉಪ್ಪಿನ ಲೆಕ್ಕ. ಇಲ್ಲಿ ಸಾಂದ್ರತೆಯನ್ನು ಯಾರೂ ಕೇಳುವುದಿಲ್ಲ, ರಕ್ತನಾಳದೊಳಗೆ ದ್ರವ ಎಷ್ಟು ತುಂಬಿದೆ ಎಂದು ಮಾತ್ರ ನೋಡುತ್ತಾರೆ. ಒತ್ತಡ ಇಳಿದರೆ ಕಿಡ್ನಿಯೇ ರೆನಿನ್ ಬಿಡುತ್ತದೆ. ಅದರಿಂದ ಆಂಜಿಯೊಟೆನ್ಸಿನ್, ಅದರಿಂದ ಅಲ್ಡೊಸ್ಟೆರೋನ್ ಎಂಬ ಹಾರ್ಮೋನು. ಅಲ್ಡೊಸ್ಟೆರೋನ್ ಸೋಡಿಯಮ್ಮನ್ನು ಹಿಡಿದಿಟ್ಟು ಬದಲಿಗೆ ಪೊಟ್ಯಾಸಿಯಮ್ಮನ್ನು ಹೊರಗೆ ಕಳಿಸುತ್ತದೆ. ಭೇದಿಯಲ್ಲಿ ಪೊಟ್ಯಾಸಿಯಂ ಎರಡು ಕಡೆಯಿಂದ ಸೋರುವುದು ಹೀಗೆ, ಪೊಟ್ಟಣದಲ್ಲಿ ಆ ಒಂದೂವರೆ ಗ್ರಾಂ ಇರುವುದೂ ಅದಕ್ಕೇ. ಈ ಲೆಕ್ಕ ನಿಧಾನ. ಊಟದ ಉಪ್ಪು ಇದ್ದಕ್ಕಿದ್ದಂತೆ ಹೆಚ್ಚುಕಡಿಮೆಯಾದರೆ ಕಿಡ್ನಿ ಸರಿದೂಗಿಸಿಕೊಳ್ಳಲು ಎರಡು ಮೂರು ದಿನ ತೆಗೆದುಕೊಳ್ಳುತ್ತದೆ.

ಎರಡರ ವ್ಯತ್ಯಾಸ ನೋಡಬೇಕೆಂದರೆ ಒಂದು ಲೀಟರ್ ಸಾದಾ ನೀರು ಸಾಕು. ಬೆಳಗ್ಗೆ ಖಾಲಿ ಹೊಟ್ಟೆಗೆ ಅಷ್ಟನ್ನು ಕುಡಿದ ಆರೋಗ್ಯವಂತರಿಗೆ ಮುಕ್ಕಾಲು ಗಂಟೆಯೊಳಗೆ ಮೂತ್ರ ಉಕ್ಕಿ ಬರುತ್ತದೆ. ಎರಡು ಮೂರು ಗಂಟೆಯಲ್ಲಿ ಬಹುಪಾಲು ಹೊರಗೆ. ಅದೇ ಲೀಟರಿಗೆ 9 ಗ್ರಾಂ ಉಪ್ಪು ಸೇರಿಸಿ ರಕ್ತದ ಸಾಂದ್ರತೆಗೆ ತಂದು ಕುಡಿದರೆ ಕಿಡ್ನಿಗೆ ಅವಸರವೇ ಇಲ್ಲ, ಪೂರ್ತಿ ಹೊರಹೋಗಲು ದಿನಕ್ಕಿಂತ ಹೆಚ್ಚು ಬೇಕು. (ಲೆಕ್ಕಕ್ಕಾಗಿ ಹೇಳಿದ್ದು. ಮಾಡಿ ನೋಡಲು ಹೋಗಬೇಡಿ, ವಾಂತಿ ಬರುತ್ತದೆ.) ಉಪ್ಪು ತಿಂದವ ನೀರು ಕುಡಿಯಲೇಬೇಕು ಎಂಬ ಗಾದೆ ನಮ್ಮಲ್ಲಿ ಉಂಟಲ್ಲ, ಕಿಡ್ನಿಯ ಮಟ್ಟಿಗೆ ಅದು ತಿರುಗಿಸಿದರೂ ನಿಜ: ಕುಡಿದ ನೀರು ಮೈಯಲ್ಲಿ ನಿಲ್ಲಬೇಕಾದರೆ ಉಪ್ಪು ಬೇಕು.

ಎರಡು ಪುಸ್ತಕಗಳು ಒಂದಕ್ಕೊಂದು ತಾಳೆಯಾಗದೆ ಹೋದಾಗ ನಿಜವಾದ ಅಪಾಯ. ವಾಂತಿಭೇದಿಯಿಂದ ರಕ್ತದ ಗಾತ್ರ ಬಹಳ ಕುಸಿದಾಗ ಮಿದುಳು ಸಾಂದ್ರತೆಯನ್ನು ಬದಿಗಿಟ್ಟು ವ್ಯಾಸೋಪ್ರೆಸಿನ್ ಸುರಿಸುತ್ತಲೇ ಇರುತ್ತದೆ. ಕಿಂಡಿಗಳು ತೆರೆದೇ ಇರುತ್ತವೆ. ಆ ಹೊತ್ತಿನಲ್ಲಿ ಬರೀ ನೀರನ್ನೇ ಕುಡಿಸುತ್ತಾ ಹೋದರೆ ಕಿಡ್ನಿ ಅದನ್ನು ಬಿಡುವುದಿಲ್ಲ, ಹಿಡಿದಿಡುತ್ತದೆ. ಇರುವ ಸೋಡಿಯಂ ತೆಳುವಾಗುತ್ತಾ ಹೋಗುತ್ತದೆ. ರಕ್ತದಲ್ಲಿ ಲೀಟರಿಗೆ 135ರಿಂದ 145 ಮಿಲಿಮೋಲಿನ ನಡುವೆ ಇರಬೇಕಾದದ್ದು 125ಕ್ಕಿಂತ ಕೆಳಗಿಳಿದರೆ ತಲೆನೋವು, ಮಂಪರು, ಅಸಂಬದ್ಧ ಮಾತು. ಇನ್ನೂ ಇಳಿದರೆ ಫಿಟ್ಸ್. “ನೀರು ಧಾರಾಳ ಕುಡಿಸಿದ್ದೆವು, ಆದರೂ ಹೀಗಾಯಿತು” ಎಂಬ ಮಾತಿನ ಹಿಂದೆ ಎಷ್ಟೋ ಸಲ ಇರುವುದು ಇದು.

ಇನ್ನು ಕಲಸುವ ಕೆಲಸ. ಪುಡಿಯ ಮೇಲೆ ಹೊರಿಸಬಹುದಾದ ಒಂದೇ ದೊಡ್ಡ ದೂರು ಇಲ್ಲಿದೆ: ತಪ್ಪಾಗಿ ಕಲಸಲು ಇದು ತುಂಬ ಸುಲಭ. ಸೂಚನೆಗಳು ಇಂಗ್ಲಿಷ್, ಹಿಂದಿಯಲ್ಲಿ ಸಣ್ಣ ಅಕ್ಷರದಲ್ಲಿ. ಕನ್ನಡ ಓದುವ ಅಜ್ಜಿಗೆ ದಕ್ಕುವುದು ಚಿತ್ರ ಮಾತ್ರ. ಹೆಚ್ಚಾಗಿ ಕಾಣುವ ತಪ್ಪು, ಇಡೀ ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿಯುವುದು. 200 ಮಿಲಿ ಲೋಟವಾದರೆ ಸೋಡಿಯಂ ಲೀಟರಿಗೆ 375ರ ಲೆಕ್ಕಕ್ಕೆ ಏರುತ್ತದೆ, ಸಾಂದ್ರತೆ 1200 ದಾಟುತ್ತದೆ. ಅದು ಹೆಚ್ಚುಕಡಿಮೆ ಸಮುದ್ರದ ನೀರಿನ ಸಾಂದ್ರತೆ. ಇಂಥದ್ದು ಕರುಳಿಗೆ ಇಳಿದಾಗ ನೀರು ರಕ್ತದಿಂದ ಕರುಳಿಗೆ, ಎಂದರೆ ಉಲ್ಟಾ ಹರಿಯುತ್ತದೆ, ಭೇದಿ ಜೋರಾಗುತ್ತದೆ. ದೊಡ್ಡವರ ಕಿಡ್ನಿ ಹೇಗೋ ನಿಭಾಯಿಸೀತು. ಕೆಲವೇ ತಿಂಗಳ ಕೂಸಿನ ಕಿಡ್ನಿ ಮೂತ್ರವನ್ನು 600ರ ಆಸುಪಾಸಿಗಷ್ಟೇ ದಪ್ಪ ಮಾಡಬಲ್ಲದು, ಹೆಚ್ಚುವರಿ ಉಪ್ಪನ್ನು ಹೊರಹಾಕಲು ಅದಕ್ಕೆ ಇನ್ನಷ್ಟು ನೀರು ಖರ್ಚಾಗುತ್ತದೆ. ರಕ್ತದ ಸೋಡಿಯಂ ವಿಪರೀತ ಏರಿ ಮಗು ಕಿರಿಚತೊಡಗುತ್ತದೆ, ಆಮೇಲೆ ಸುಸ್ತಾಗಿ ಬೀಳುತ್ತದೆ.

ಅಳತೆಗೆ ಚೆಂಬನ್ನು ನಂಬಬೇಡಿ. ಒಂದು ಮನೆಯ ಚೆಂಬು 600 ಮಿಲಿ ಹಿಡಿದರೆ ಇನ್ನೊಂದರದ್ದು ಒಂದು ಲೀಟರ್ ದಾಟುತ್ತದೆ. ಅಂಗಡಿಯಲ್ಲಿ ಸಿಗುವ ಒಂದು ಲೀಟರಿನ ನೀರಿನ ಬಾಟಲಿಯೇ ಸರಿಯಾದ ಅಳತೆಪಾತ್ರೆ. ಅದರ ನೀರನ್ನು ಪೂರ್ತಿ ತಪಲೆಗೆ ಸುರಿದು, ಪೊಟ್ಟಣ ಪೂರ್ತಿ ಖಾಲಿ ಮಾಡಿ, ತೊಳೆದ ಚಮಚದಲ್ಲಿ ಕಲಸಿ. ತುಂಬಿದ ಬಾಟಲಿಗೇ ಪುಡಿ ಹಾಕಲು ಹೋದರೆ ಮೊದಲು ಸ್ವಲ್ಪ ನೀರು ಚೆಲ್ಲಬೇಕಾಗುತ್ತದೆ, ಪುಡಿ ಕೊರಳಿನಲ್ಲಿ ಅಂಟಿಕೊಳ್ಳುತ್ತದೆ, ಲೆಕ್ಕ ಅಲ್ಲಿಗೆ ಕೆಟ್ಟಿತು. ಕುದಿಸಿ ಆರಿಸಿದ ನೀರಾದರೆ ಒಳ್ಳೆಯದು. ಕಲಸಿದ ಮೇಲೆ ಕುದಿಸಬಾರದು. ಸಕ್ಕರೆ, ಜೇನು, ಹಾಲು, ಚಾ ಯಾವುದನ್ನೂ ಸೇರಿಸಬಾರದು. ಅರ್ಧ ಪೊಟ್ಟಣ ಈಗ, ಅರ್ಧ ನಾಳೆ ಎಂಬ ಉಳಿತಾಯವೂ ಬೇಡ: ಉಪ್ಪು, ಸಕ್ಕರೆಯ ಹರಳುಗಳು ಪೊಟ್ಟಣದೊಳಗೆ ಸಮನಾಗಿ ಹರಡಿರುವುದಿಲ್ಲ. ಒಂದು ಲೀಟರ್ ಬೇಡವೆಂದಾದರೆ 4 ಗ್ರಾಂ ಚಿಲ್ಲರೆ ತೂಗುವ, 200 ಮಿಲಿಗೆಂದೇ ಮಾಡಿದ ಸಣ್ಣ ಪೊಟ್ಟಣ ತೆಗೆದುಕೊಳ್ಳಿ. ಆದರೆ ಅಲ್ಲೂ ಗೊಂದಲ ಉಂಟು. ಸಣ್ಣದನ್ನು ಒಂದು ಲೀಟರಿಗೆ ಹಾಕಿದರೆ ಅದು ಬಣ್ಣದ ನೀರಷ್ಟೆ. ಕೊಳ್ಳುವಾಗಲೇ ಮೇಲೆ ಪೆನ್ನಿನಿಂದ “1 ಲೀಟರ್” ಅಥವಾ “1 ಲೋಟ” ಎಂದು ಕನ್ನಡದಲ್ಲಿ ಬರೆಸಿಕೊಳ್ಳುವುದು ಚೊಕ್ಕ ಉಪಾಯ.

ಕಲಸಿದ ನಂತರ ಒಂದು ಚಮಚ ರುಚಿ ನೋಡಿ. ಕಣ್ಣೀರಿಗಿಂತ ಉಪ್ಪಾಗಿದ್ದರೆ ಎಲ್ಲೋ ತಪ್ಪಿದೆ, ಚೆಲ್ಲಿ ಹೊಸದು ಮಾಡಿ. ಕಡಲ ಬದಿಯ ಮನೆಗಳಿಗೆ ಇನ್ನೊಂದು ಎಚ್ಚರ: ಏಪ್ರಿಲ್, ಮೇ ತಿಂಗಳಲ್ಲಿ ಬಾವಿನೀರು ಸವುಳಾಗುವ ಕಡೆ ಆ ನೀರಿನಲ್ಲಿ ಕಲಸಬಾರದು, ಇಡೀ ಸೂತ್ರವೇ ಏರುಪೇರಾಗುತ್ತದೆ. ಬಾವಿಕ್ಕರೆಯಲ್ಲಿ ಹೊಳೆಗೆ ಕಡಲ ಉಪ್ಪುನೀರು ಏರದಂತೆ ತಡೆಯುವ ರೆಗ್ಯುಲೇಟರ್ ಆಗುವ ಮುಂಚೆ ಬೇಸಗೆಯಲ್ಲಿ ಕಾಸರಗೋಡು ಪೇಟೆಯ ನಳ್ಳಿಯಲ್ಲೇ ಉಪ್ಪುನೀರು ಬರುತ್ತಿದ್ದುದು ಇಲ್ಲಿಯವರಿಗೆ ಮರೆತಿರಲಾರದು. ಒಳನಾಡಿನಲ್ಲಿ ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು ಸಿಹಿ, ಕುದಿಸಿಕೊಂಡರೆ ಆಯಿತು.

ಕುಡಿಸುವ ಕ್ರಮ ಹೀಗೆ. ಎರಡು ವರ್ಷದ ಒಳಗಿನ ಮಗುವಿಗೆ ಪ್ರತಿ ಸಲ ಭೇದಿಯಾದ ಮೇಲೆ 50ರಿಂದ 100 ಮಿಲಿ, ಎರಡರಿಂದ ಹತ್ತು ವರ್ಷದವರಿಗೆ 100ರಿಂದ 200 ಮಿಲಿ, ದೊಡ್ಡವರಿಗೆ ಬೇಕೆನಿಸಿದಷ್ಟು. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು, ಮತ್ತೆ ಎರಡು ಮೂರು ನಿಮಿಷಕ್ಕೊಂದು ಚಮಚ. ಲೋಟ ಬಾಯಿಗಿಟ್ಟು ಒಮ್ಮೆಲೇ ಕುಡಿಸಿದ್ದು ಅಷ್ಟೇ ವೇಗದಲ್ಲಿ ವಾಪಸು ಬರುತ್ತದೆ. ಎದೆಹಾಲು ನಿಲ್ಲಿಸಬಾರದು. ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ ಸತುವಿನ ಮಾತ್ರೆ 14 ದಿನ ಕೊಡುವುದು ಇದೇ ಚಿಕಿತ್ಸೆಯ ಅರ್ಧ ಭಾಗ. ಪೊಟ್ಟಣ ಕೊಂಡವರು ಅದನ್ನು ಮರೆಯುತ್ತಾರೆ. ಕಣ್ಣು ಗುಳಿಬಿದ್ದರೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ನಿಧಾನವಾಗಿ ಇಳಿದರೆ, ಆರೆಂಟು ಗಂಟೆ ಮೂತ್ರವೇ ಇಲ್ಲದಿದ್ದರೆ, ಭೇದಿಯಲ್ಲಿ ರಕ್ತ ಕಂಡರೆ, ಕುಡಿಯಲಾರದಷ್ಟು ಮಂಪರಿದ್ದರೆ ಪೊಟ್ಟಣದ ಕೆಲಸ ಮುಗಿಯಿತು, ಆಸ್ಪತ್ರೆಗೆ ಹೊರಡಿ. ತಲಪಾಡಿ ದಾಟಿ ಮಂಗಳೂರಿಗೇ ಹೋಗುವುದಾದರೂ ಮಗು ಎಚ್ಚರವಾಗಿ ನುಂಗುತ್ತಿದ್ದರೆ ದಾರಿಯುದ್ದಕ್ಕೂ ಚಮಚ ಆಡುತ್ತಿರಲಿ.

ಈಗ ಜ್ಯೂಸಿಗೆ ಬರೋಣ. ಟೆಟ್ರಾಪ್ಯಾಕ್‌ಗಳಲ್ಲಿ ಎರಡು ಜಾತಿ. ಒಂದು, ಡಬ್ಲ್ಯುಎಚ್‌ಒ ಸೂತ್ರವನ್ನೇ ನೀರಿನಲ್ಲಿ ಕಲಸಿ ತುಂಬಿದ್ದು. ಇದು ಚೆನ್ನಾಗಿದೆ, ಪ್ರಯಾಣಕ್ಕೆ ಅನುಕೂಲ, ಬೆಲೆ ಮಾತ್ರ ಪುಡಿಯ ಹಲವು ಪಟ್ಟು. ಇನ್ನೊಂದು, ಹಣ್ಣಿನ ರುಚಿಯ ಸಕ್ಕರೆ ಪಾನೀಯ. ಇದರಲ್ಲಿ 100 ಮಿಲಿಗೆ 8ರಿಂದ 12 ಗ್ರಾಂ ಸಕ್ಕರೆ ಇದ್ದದ್ದುಂಟು. ನಿಜವಾದ ಓಆರ್‌ಎಸ್‌ನಲ್ಲಿ ಇರುವುದು 1.35 ಗ್ರಾಂ. ಆರರಿಂದ ಒಂಬತ್ತು ಪಟ್ಟು ಸಕ್ಕರೆ, ಸೋಡಿಯಂ ಅದಕ್ಕೆ ತಕ್ಕಂತೆ ಇಲ್ಲ. ಬಾಗಿಲಿಗೆ ಸಕ್ಕರೆಯ ಜನಜಂಗುಳಿ ಬಂದು ನಿಂತಿದೆ, ಜತೆಗಾರ ಸೋಡಿಯಂ ಇಲ್ಲ. ಉಳಿದ ಸಕ್ಕರೆ ಕರುಳಿನಲ್ಲೇ ಕೂತು ನೀರನ್ನು ಎಳೆಯುತ್ತದೆ. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಈ ಹೆಸರಿನ ಮೋಸದ ಬೆನ್ನು ಹತ್ತಿದ್ದರು. ಕೊನೆಗೆ 2025ರ ಅಕ್ಟೋಬರಿನಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ, ಸೂತ್ರಕ್ಕೆ ಒಪ್ಪದ ಪಾನೀಯಗಳು ಹೆಸರಿನ ಹಿಂದೆ ಮುಂದೆ ಎಲ್ಲೂ ‘ಓಆರ್‌ಎಸ್’ ಎಂದು ಹಾಕಿಕೊಳ್ಳುವಂತಿಲ್ಲ ಎಂದಿತು. ಹೆಸರು ಬದಲಾದರೂ ಪೆಟ್ಟಿಗೆಯ ಬಣ್ಣ, ಅಂಗಡಿಯ ಅಭ್ಯಾಸ ಬೇಗ ಬದಲಾಗುವುದಿಲ್ಲ.

ಗುರುತು ಹಿಡಿಯಲು ಬುದ್ಧಿವಂತಿಕೆ ಬೇಡ, ಕನ್ನಡಕ ಸಾಕು. ನಿಜವಾದ ಓಆರ್‌ಎಸ್ ಔಷಧಿ. ಅದರ ಮೇಲೆ ಘಟಕಗಳ ಹೆಸರಿನ ಜತೆ ‘ಐ.ಪಿ.’ (ಇಂಡಿಯನ್ ಫಾರ್ಮಕೋಪಿಯಾ) ಎಂಬ ಅಕ್ಷರಗಳೂ ಔಷಧ ತಯಾರಿಕಾ ಪರವಾನಗಿ ಸಂಖ್ಯೆಯೂ ಇರುತ್ತವೆ. ಪಾನೀಯ ಆಹಾರ, ಅದರ ಮೇಲೆ ಎಫ್‌ಎಸ್‌ಎಸ್‌ಎಐಯ 14 ಅಂಕಿಯ ಸಂಖ್ಯೆ ಇರುತ್ತದೆ. ಸೋಡಿಯಂ 75, ಸಾಂದ್ರತೆ 245 ಎಂದು ಬರೆದಿದ್ದರೆ ಚೀಲಕ್ಕೆ ಹಾಕಿ.

ಗ್ಲುಕೋಸ್ ಪುಡಿ ಫೇಲು. ಅದು ಬಹುತೇಕ ಬರೀ ಡೆಕ್ಸ್‌ಟ್ರೋಸ್, ಉಪ್ಪು ಹೆಸರಿಗಷ್ಟೇ. ಶಾಲೆಯ ಕ್ರೀಡಾಕೂಟದಲ್ಲಿ ಅಂಗೈಗೆ ಸುರಿದು ನೆಕ್ಕಲು ಖುಷಿ, ನಿರ್ಜಲೀಕರಣಕ್ಕೆ ಮದ್ದಲ್ಲ.

ಬೊಂಡದ (ಎಳನೀರಿನ) ವಿಷಯದಲ್ಲಿ ಕಾಸರಗೋಡಿನವರ ಮನಸ್ಸು ನೋಯಿಸುವುದು ಕಷ್ಟ. ತೋಟದ ಬೆಳೆಗಳ ಕೇಂದ್ರೀಯ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಇರುವ ಊರು, 1916ರಲ್ಲೇ ತೆಂಗಿನ ಸಂಶೋಧನೆ ಶುರುವಾದ ನೆಲ. ಬೊಂಡದ ನೀರು ಶುದ್ಧ, ಹೊಟ್ಟೆಗೆ ಹಿತ, ಸಕ್ಕರೆಯೂ ಹದ. ಆದರೆ ಅಂಕಿಗಳನ್ನು ನೋಡಿದರೆ ಅದು ಪೊಟ್ಯಾಸಿಯಮ್ಮಿನ ಪಾನೀಯ, ಸೋಡಿಯಮ್ಮಿನದ್ದಲ್ಲ. ಲೀಟರಿಗೆ 50 ಮಿಲಿಮೋಲಿನ ಆಸುಪಾಸು ಪೊಟ್ಯಾಸಿಯಂ, ಅಂದರೆ ಓಆರ್‌ಎಸ್‌ನ ಎರಡೂವರೆ ಪಟ್ಟು. ಸೋಡಿಯಂ ತಳಿ, ಮಣ್ಣು, ಬಲಿತ ಪ್ರಾಯ ನೋಡಿ ಬದಲಾಗುತ್ತದೆ, ಹೇಗಾದರೂ 75ರ ಹತ್ತಿರ ಬರುವುದಿಲ್ಲ. ಬಿಸಿಲಿನಲ್ಲಿ ದಣಿದವರಿಗೆ ಬೊಂಡ, ಜತೆಗೆ ಉಪ್ಪು ಬಿದ್ದ ಊಟ: ಇದಕ್ಕಿಂತ ಒಳ್ಳೆಯದು ಬೇಡ. ಜೋರು ಭೇದಿಗೆ ಬೊಂಡವೊಂದನ್ನೇ ನಂಬಿದರೆ ಸೋಡಿಯಂ ಬಾಕಿ ಉಳಿಯುತ್ತದೆ. ಕಿಡ್ನಿ ಸೋತವರಿಗೆ ಅದೇ ಪೊಟ್ಯಾಸಿಯಂ ಹೃದಯದ ಬಡಿತ ಕೆಡಿಸಬಲ್ಲದು, ಅವರು ಡಾಕ್ಟರನ್ನು ಕೇಳದೆ ಮುಟ್ಟಬಾರದು. ಹೊಂಬಾಳೆಯಿಂದ ಇಳಿಸುವ ಕಲ್ಪರಸವನ್ನೂ ಇದಕ್ಕೆ ಗಂಟುಹಾಕಬೇಡಿ. ಅದರಲ್ಲಿ ಸಕ್ಕರೆ ಬೊಂಡಕ್ಕಿಂತ ಎಷ್ಟೋ ಹೆಚ್ಚು.

ಹೆದ್ದಾರಿ ಬದಿಯ ಬಚ್ಚಂಗಾಯಿ (ಕಲ್ಲಂಗಡಿ) ನೀರು ಕೊಡುತ್ತದೆ, ಸೋಡಿಯಂ ಇಲ್ಲವೆಂದೇ ಹೇಳಬೇಕು. ಕುಲುಕ್ಕಿ ಸರ್ಬತ್ತು ನಿಂಬೆ, ಕಾಮಕಸ್ತೂರಿ ಬೀಜ, ಸೀಳಿದ ಹಸಿಮೆಣಸು, ಸಕ್ಕರೆ ಪಾಕ. ನಾಲಗೆಗೆ ನೂರಕ್ಕೆ ನೂರು, ಕಿಡ್ನಿಯ ಲೆಕ್ಕದಲ್ಲಿ ಬೊಗಸೆ ಸಕ್ಕರೆ. ಸಕ್ಕರೆ ಹಾಕದ ಉಪ್ಪು-ನಿಂಬೆ ಸೋಡಾ ಅದಕ್ಕಿಂತ ವಾಸಿ.

ಮನೆಯ ಅಡುಗೆಕೋಣೆಯಿಂದ ಗೆದ್ದು ಬರುವುದು ಗಂಜಿ ತೆಳಿ. ಕುಚ್ಚಿಲಕ್ಕಿಯಾಗಲಿ ಬೆಳ್ತಿಗೆಯಾಗಲಿ, ಚೆನ್ನಾಗಿ ಬೆಂದ ಗಂಜಿಯ ತೆಳಿ ಒಂದು ಲೀಟರ್, ಅದಕ್ಕೆ ಮಟ್ಟಸ ಮಾಡಿದ ಅರ್ಧ ಚಾಚಮಚ ಉಪ್ಪು. ಅಕ್ಕಿಯ ಪಿಷ್ಟ ಕರುಳಿನಲ್ಲಿ ಸ್ವಲ್ಪಸ್ವಲ್ಪವೇ ಗ್ಲುಕೋಸ್ ಆಗಿ ಒಡೆಯುವುದರಿಂದ ಒಮ್ಮೆಲೇ ಸಾಂದ್ರತೆ ಏರುವುದಿಲ್ಲ. ಕಾಲರಾದಂಥ ಜೋರು ಭೇದಿಯಲ್ಲಿ ಅಕ್ಕಿ ಆಧಾರಿತ ಓಆರ್‌ಎಸ್ ಮಲದ ಪ್ರಮಾಣವನ್ನೇ ತಗ್ಗಿಸಿದ್ದು ಪರೀಕ್ಷೆಗಳಲ್ಲಿ ಕಂಡಿದೆ. ತೆಳಿಯಲ್ಲಿ ಪೊಟ್ಯಾಸಿಯಂ ಕಡಿಮೆ. ಒಂದು ಬಾಳೆಹಣ್ಣೋ ಅರ್ಧ ಬೊಂಡವೋ ಸೇರಿದರೆ ಆ ಕೊರತೆ ನೀಗುತ್ತದೆ. ತೆಳಿಯೂ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಆರು ಮಟ್ಟಸ ಚಾಚಮಚ ಸಕ್ಕರೆ, ಅರ್ಧ ಮಟ್ಟಸ ಚಾಚಮಚ ಉಪ್ಪು. ಮಟ್ಟಸ ಎಂಬುದನ್ನು ಎರಡು ಸಲ ಓದಿ. ಚಮಚದ ಮೇಲೆ ಗೋಪುರ ಎದ್ದರೆ ಉಪ್ಪು ಎರಡು ಪಟ್ಟಾಗುತ್ತದೆ. ಕಲ್ಲುಪ್ಪನ್ನು ಚಮಚದಲ್ಲಿ ಅಳೆದರೆ ಹರಳಿನ ನಡುವೆ ಗಾಳಿ ತುಂಬಿ ಲೆಕ್ಕ ಕೆಳಗೆ ಬೀಳುತ್ತದೆ, ಪುಡಿಯುಪ್ಪೇ ಆಗಬೇಕು. ಮಜ್ಜಿಗೆಗೂ ಇದೇ ಲೆಕ್ಕ: 200 ಮಿಲಿ ಲೋಟಕ್ಕೆ ಒಂದು ಚಿಟಿಕೆ, ಸುಮಾರು ಅರ್ಧ ಗ್ರಾಂ. ಕಾಲು ಚಮಚ ಹಾಕಿದರೆ ಓಆರ್‌ಎಸ್ಸನ್ನೂ ಮೀರುತ್ತದೆ.

ದಿನಾ ಯಾರಿಗೆ ಇದು ಬೇಕು? ಕೆಂಪುಕಲ್ಲಿನ ಕೋರೆಯಲ್ಲಿ, ಕಂಗಿನ (ಅಡಿಕೆ) ತೋಟದಲ್ಲಿ ಬೆವರುವವರ ಲೆಕ್ಕ ಹಾಕೋಣ. ಒಂದು ಲೀಟರ್ ಬೆವರಿನಲ್ಲಿ 20ರಿಂದ 80 ಮಿಲಿಮೋಲ್ ಸೋಡಿಯಂ ಹೋಗುತ್ತದೆ. ನಡುವಿನ ಅಂಕಿ ಹಿಡಿದರೂ ನಾಲ್ಕು ಲೀಟರ್ ಬೆವರಿದರೆ ಹನ್ನೊಂದು ಹನ್ನೆರಡು ಗ್ರಾಂ ಉಪ್ಪು. ಬಿಸಿಲಿಗೆ ಒಗ್ಗಿದ ಮೈಯ ಬೆವರಿನಲ್ಲಿ ಉಪ್ಪು ಕಡಿಮೆ, ಯಾಕೆಂದರೆ ಅಲ್ಡೊಸ್ಟೆರೋನ್ ಬೆವರುಗ್ರಂಥಿಯಲ್ಲೂ ಜಿಪುಣತನ ಮಾಡುತ್ತದೆ. ಫೆಬ್ರವರಿಯ ಮೊದಲ ಬಿಸಿಲಿನಲ್ಲಿ ಸ್ನಾಯು ಹಿಡಿದುಕೊಳ್ಳುವ ಆಳು ಏಪ್ರಿಲ್ ಹೊತ್ತಿಗೆ ಸರಿಯಾಗುವುದರಲ್ಲಿ ಇದರ ಕೈವಾಡವೂ ಉಂಟು. ಮಧ್ಯಾಹ್ನ ಗಂಜಿ, ಉಪ್ಪಿನಕಾಯಿ, ಒಣಮೀನು ಉಣ್ಣುವವರಿಗೆ ಉಪ್ಪು ಅಲ್ಲೇ ಸಂದಾಯವಾಗುತ್ತದೆ, ಬಾಯಾರಿದಾಗ ನೀರು ಸಾಕು. ಊಟ ಬಿಟ್ಟು ಕೆಲಸ ಎಳೆಯುವ ದಿನ, ಅಥವಾ ಬೆವರು ಬಟ್ಟೆಯ ಮೇಲೆ ಬಿಳಿ ಗೆರೆ ಬಿಡುವ ದಿನ, ಒಂದು ಲೀಟರ್ ಓಆರ್‌ಎಸ್ ಸಾರ್ಥಕ. ಆ ಹೊತ್ತಿನಲ್ಲಿ ಮೈಕೈನೋವಿಗೆಂದು ಡೈಕ್ಲೊಫೆನಾಕ್, ಐಬುಪ್ರೊಫೆನ್ ನುಂಗುವುದು ಅಪಾಯ: ನೀರಿಲ್ಲದೆ ಬಿಗಿದ ಕಿಡ್ನಿಯ ರಕ್ತನಾಳವನ್ನು ತುಸು ಸಡಿಲವಾಗಿ ಇಟ್ಟಿರುವುದು ಪ್ರೊಸ್ಟಗ್ಲಾಂಡಿನ್ ಎಂಬ ಮೈಯದ್ದೇ ರಾಸಾಯನಿಕ, ಆ ಮಾತ್ರೆ ಅದನ್ನೇ ತಡೆಯುತ್ತದೆ.

ಎಸಿ ಕೋಣೆಯಲ್ಲಿ ಕುಳಿತವರು ತಂಪು ಪಾನೀಯದ ಬದಲು ದಿನಾ ಓಆರ್‌ಎಸ್ ಕುಡಿಯುವುದಕ್ಕೆ ಇಲ್ಲಿ ಒಪ್ಪಿಗೆಯಿಲ್ಲ. ಒಂದು ಲೀಟರಿನ 75 ಮಿಲಿಮೋಲ್ ಎಂದರೆ 1.7 ಗ್ರಾಂ ಸೋಡಿಯಂ. ಡಬ್ಲ್ಯುಎಚ್‌ಒ ದೊಡ್ಡವರಿಗೆ ಇಡೀ ದಿನಕ್ಕೆ ಹೇಳುವುದು 2 ಗ್ರಾಂ. ಊಟ ಇನ್ನೂ ಬಾಕಿ ಇದೆ.

ಮಾತ್ರೆ ತಿನ್ನುವವರು ಕೆಲವರು ಬೇರೆಯಾಗಿ ಯೋಚಿಸಬೇಕು. ಬಿಪಿಗೆ ಹೈಡ್ರೊಕ್ಲೋರೊಥಯಜೈಡ್, ಕ್ಲೋರ್ತಾಲಿಡೋನ್, ಇಂಡಪಮೈಡ್ ತೆಗೆದುಕೊಳ್ಳುವ ಹಿರಿಯರಲ್ಲಿ ನಳಿಕೆಯ ಕೊನೆಭಾಗದ ಉಪ್ಪಿನ ಪಂಪು ಮುಚ್ಚಿರುವುದರಿಂದ ಕಿಡ್ನಿಗೆ ಮೂತ್ರವನ್ನು ತೆಳ್ಳಗೆ ಮಾಡಲು ಬರುವುದಿಲ್ಲ. ಇವರು ಯಾರೋ ಹೇಳಿದರೆಂದು ದಿನಕ್ಕೆ ನಾಲ್ಕು ಲೀಟರ್ ನೀರು ಕುಡಿದರೆ ಸೋಡಿಯಂ ಕುಸಿಯುತ್ತದೆ; ಅಜ್ಜ ಸಂಜೆಯ ಹೊತ್ತು ಗೊಂದಲದ ಮಾತಾಡತೊಡಗಿದರೆ ಮರೆವಿನ ಕಾಯಿಲೆ ಎನ್ನುವ ಮುಂಚೆ ಒಂದು ರಕ್ತಪರೀಕ್ಷೆ ಮಾಡಿಸಿ. ಡಪಾಗ್ಲಿಫ್ಲೋಜಿನ್ ಜಾತಿಯ ಸಕ್ಕರೆ ಕಾಯಿಲೆಯ ಮಾತ್ರೆ ಕಿಡ್ನಿಯಲ್ಲಿ ಗ್ಲುಕೋಸನ್ನು ಮೂತ್ರಕ್ಕೆ ಬಿಟ್ಟುಬಿಡುತ್ತದೆ, ಅದರ ಬೆನ್ನಿಗೆ ನೀರೂ ಹೋಗುತ್ತದೆ. ವಾಂತಿಭೇದಿಯ ದಿನ ಅದನ್ನು ನಿಲ್ಲಿಸಬೇಕೇ ಎಂದು ಡಾಕ್ಟರಿಗೆ ಫೋನು ಮಾಡಿ ಕೇಳಬೇಕು. ಸಕ್ಕರೆ ಕಾಯಿಲೆ ಇದೆಯೆಂದು ಓಆರ್‌ಎಸ್‌ಗೆ ಹೆದರಬೇಕಾಗಿಲ್ಲ, ಭೇದಿಯಲ್ಲಿ ಆ 13.5 ಗ್ರಾಂ ದೊಡ್ಡದಲ್ಲ. ಹೃದಯ ಸೋತವರು, ಡಯಾಲಿಸಿಸ್‌ನಲ್ಲಿರುವವರು ಮಾತ್ರ ತಾವಾಗಿ ಒಂದು ಲೋಟವನ್ನೂ ಎತ್ತಬಾರದು.

ಇದೇ ಕಪಾಟಿನ ಪಕ್ಕದ ಸೂಪರ್‌ಮಾರ್ಕೆಟಿನಲ್ಲಿ ‘ಕಡಿಮೆ ಸೋಡಿಯಂ’ ಉಪ್ಪು ಸಿಗುತ್ತದೆ. ಅದರಲ್ಲಿ ಸೋಡಿಯಂ ಕ್ಲೋರೈಡಿನ ಒಂದು ಪಾಲು ತೆಗೆದು ಪೊಟ್ಯಾಸಿಯಂ ಕ್ಲೋರೈಡ್ ತುಂಬಿರುತ್ತಾರೆ. ಬಿಪಿ ಇದ್ದು ಕಿಡ್ನಿ ಗಟ್ಟಿಯಾಗಿರುವವರಿಗೆ ಒಳ್ಳೆಯ ಸರಕು. 2025ರ ಜನವರಿಯಲ್ಲಿ ಡಬ್ಲ್ಯುಎಚ್‌ಒ ಕೂಡ ದೊಡ್ಡವರಿಗೆ ಇದನ್ನು ಸೂಚಿಸಿತು, ಕಿಡ್ನಿ ತೊಂದರೆ ಇರುವವರನ್ನು ಬಿಟ್ಟು. ಬಿಪಿಗೆ, ಹೃದಯಕ್ಕೆಂದು ಟೆಲ್ಮಿಸಾರ್ಟನ್, ರಾಮಿಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ನುಂಗುವವರಲ್ಲಿ ಅಲ್ಡೊಸ್ಟೆರೋನಿನ ಕೈ ಕಟ್ಟಿರುತ್ತದೆ, ಪೊಟ್ಯಾಸಿಯಂ ಹೊರಹೋಗುವ ದಾರಿ ಕಿರಿದು. ಇಂಥವರು ಡಾಕ್ಟರರ ಮಾತಿಲ್ಲದೆ ಇದಕ್ಕೆ ಕೈಹಾಕಬಾರದು. ಮನೆಯ ಓಆರ್‌ಎಸ್ ಮಾಡುವಾಗ ಈ ಉಪ್ಪನ್ನು ಬಳಸಲೂ ಬಾರದು, ಅರ್ಧ ಚಮಚದ ಲೆಕ್ಕ ಮಾಮೂಲು ಉಪ್ಪಿನದ್ದು.

ಪೊಟ್ಟಣ ಕೊಳ್ಳುವುದೆಲ್ಲಿ ಎಂದು ತಲೆಕೆಡಿಸಿಕೊಳ್ಳಬೇಕಿಲ್ಲ. ಕುಟುಂಬ ಆರೋಗ್ಯ ಕೇಂದ್ರದಲ್ಲಿ, ಆಶಾ ಕಾರ್ಯಕರ್ತೆಯರ ಬಳಿ ಪುಕ್ಕಟೆ, ಜನೌಷಧಿಯಲ್ಲಿ ಅಗ್ಗ, ಹೆಸರಾಂತ ಕಂಪೆನಿಯದ್ದಾದರೂ ಇಪ್ಪತ್ತು ಇಪ್ಪತ್ತೈದು ರೂಪಾಯಿಯ ಆಸುಪಾಸು. ಸೂತ್ರ ಒಂದೇ, ದುಡ್ಡು ಹೋಗುವುದು ಪರಿಮಳಕ್ಕೆ. ಮನೆಯಲ್ಲಿ ನಾಲ್ಕು ಇಟ್ಟುಕೊಳ್ಳಿ, ಮಳೆಗಾಲದಲ್ಲಿ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ. ಹಳೆಯ ಸೂತ್ರದ ಸೋಡಾಪುಡಿಯನ್ನು ತೆಗೆದು ಸಿಟ್ರೇಟ್ ಹಾಕಿದ್ದೇ ಶೆಕೆ, ತೇವದಲ್ಲಿ ಪುಡಿ ಕೆಡದಿರಲಿ ಎಂದು. ಆದರೂ ಇಲ್ಲಿಯ ಜುಲೈ ಯಾರನ್ನೂ ಬಿಡುವುದಿಲ್ಲ. ಬೆರಳಲ್ಲಿ ಒತ್ತಿದಾಗ ಮರಳಿನ ಹಾಗೆ ಸರಿದರೆ ಸರಿ. ಗಂಟು ಕಟ್ಟಿದ್ದರೆ, ಬಣ್ಣ ಕಂದಿದ್ದರೆ ಬದಲಿಸಿ. ಕಲಸಿದ್ದು 24 ಗಂಟೆಯ ಮೇಲೆ ಉಳಿದರೆ ಮುಚ್ಚಿಟ್ಟು ಪ್ರಯೋಜನವಿಲ್ಲ, ತೆಂಗಿನ ಬುಡಕ್ಕೆ ಚೆಲ್ಲಿ. ತೆಂಗಿಗೆ ಉಪ್ಪು ಹಿಡಿಸುತ್ತದೆ.